ಅಮ್ಮನನ್ನು ಶಿವಮೊಗ್ಗದ ಹೆಂಗಸರ ವಿಭಾಗಕ್ಕೆ ರೆಫರ್ ಮಾಡಿದ್ದಾರೆ, ಏನೇನು ತಯಾರಿ ಬೇಕು?

ಮೇಗರವಳ್ಳಿ ಕಡೆಯವಳು:

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 57 ವರ್ಷ. ಮುಟ್ಟು ನಿಂತು ಐದು ವರ್ಷದ ಮೇಲಾಯಿತು. ಈಗ ಕೆಲವು ದಿನದಿಂದ ಆಗಾಗ ಬಟ್ಟೆಗೆ ರಕ್ತದ ಕಲೆ ಆಗುತ್ತಿದೆ. ಜಾಸ್ತಿ ಇಲ್ಲ, ನೋವೂ ಇಲ್ಲ. "ಉಷ್ಣ ಆಗಿರ್ಬೇಕು" ಅಂತ ಅಮ್ಮ ಜೀರಿಗೆ ಕಷಾಯ ಕುಡಿದು ಸುಮ್ಮನಿದ್ದರು. ನಮ್ಮೂರ ಆಶಾ ಕಾರ್ಯಕರ್ತೆಗೆ ವಿಷಯ ಗೊತ್ತಾಗಿ, ಅವರೇ ಪಟ್ಟು ಹಿಡಿದು ತೀರ್ಥಹಳ್ಳಿಯ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ಸ್ಕ್ಯಾನ್ ಆಯಿತು. ಗರ್ಭಕೋಶದ ಒಳಪದರ 9 ಮಿ.ಮೀ. ದಪ್ಪ ಇದೆಯಂತೆ. ಹಿಮೋಗ್ಲೋಬಿನ್ 9.4. ಡಾಕ್ಟರು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಪತ್ರ ಬರೆದುಕೊಟ್ಟಿದ್ದಾರೆ.

ಆಗಿನಿಂದ ಅಮ್ಮ ಸರಿಯಾಗಿ ಊಟ ಮಾಡುತ್ತಿಲ್ಲ. "ದೊಡ್ಡಾಸ್ಪತ್ರೆಗೆ ಬರೆದ್ರು ಅಂದ್ರೆ ಮುಗೀತು" ಎನ್ನುತ್ತಾರೆ. ಅಲ್ಲಿ ಏನು ಮಾಡುತ್ತಾರೆ? ಗರ್ಭಕೋಶ ತೆಗೆಯಲೇಬೇಕಾ? ನನ್ನನ್ನು ಒಳಗೆ ಬಿಡುತ್ತಾರಾ? ಒಂದೇ ದಿನಕ್ಕೆ ವಾಪಸ್ ಬರಬಹುದಾ? ಆಗುಂಬೆ ಘಾಟಿ ಇಳಿದರೆ ಮಣಿಪಾಲ, ಅಲ್ಲಿನ ಖಾಸಗಿ ಆಸ್ಪತ್ರೆಗೇ ಹೋಗಿ ಅಂತ ಮನೆಯಲ್ಲಿ ಕೆಲವರು ಹೇಳುತ್ತಿದ್ದಾರೆ. ಗೊತ್ತಿರುವವರು ದಯವಿಟ್ಟು ಬರೆಯಿರಿ.

ನಿವೃತ್ತ ನರ್ಸ್, ಶಿವಮೊಗ್ಗ:

ಮೊದಲು ಅಮ್ಮನಿಗೆ ಒಂದು ವಿಷಯ ಹೇಳಿ. ರೆಫರ್ ಮಾಡುವುದೆಂದರೆ ಕೈ ಚೆಲ್ಲುವುದು ಅಲ್ಲ. ಮುಂದಿನ ಪರೀಕ್ಷೆಗೆ ಬೇಕಾದ ಸಾಮಾನು, ಪ್ಯಾಥಾಲಜಿ ಲ್ಯಾಬ್, ಅರಿವಳಿಕೆ ಡಾಕ್ಟರು ಎಲ್ಲ ಒಂದೇ ಕಡೆ ಇರುವ ಜಾಗಕ್ಕೆ ಕಳಿಸುವುದು ಅಷ್ಟೇ. ನಿಮ್ಮ ತಾಲ್ಲೂಕಿನ ಡಾಕ್ಟರು ಸರಿಯಾದ ಕೆಲಸ ಮಾಡಿದ್ದಾರೆ. ಆ ಆಶಾ ಕಾರ್ಯಕರ್ತೆ ಅದಕ್ಕಿಂತ ದೊಡ್ಡ ಕೆಲಸ ಮಾಡಿದ್ದಾರೆ.

ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ತೋರಿಸಬೇಕು. ನೋವಿಲ್ಲ, ಸ್ವಲ್ಪವೇ ಇದೆ, ತಾನಾಗಿ ನಿಂತಿತು ಅಂತ ಬಿಡುವ ಹಾಗಿಲ್ಲ. ಹಾಗೆ ತೋರಿಸಲು ಬರುವವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ. ಒಳಗಿನ ಚರ್ಮ ಒಣಗಿ ತೆಳ್ಳಗಾಗಿ ರಕ್ತ ಬರುವುದೇ ಜಾಸ್ತಿ. ಕೆಲವರಿಗೆ ಪಾಲಿಪ್ ಎನ್ನುವ ಸಣ್ಣ ಬೆಳವಣಿಗೆ ಇರುತ್ತದೆ. ಕೆಲವರಿಗೆ ಒಳಪದರ ದಪ್ಪಗಾಗಿರುತ್ತದೆ. ಆದರೆ ಯಾರಿಗೆ ಏನು ಅಂತ ಹೊರಗಿನಿಂದ ಹೇಳಲು ಆಗುವುದಿಲ್ಲ. ಅದಕ್ಕೇ ಪರೀಕ್ಷೆ.

ಆ 9 ಮಿ.ಮೀ. ವಿಷಯ. ಮುಟ್ಟು ನಿಂತವರಲ್ಲಿ ರಕ್ತ ಕಂಡಾಗ ಪದರ 4 ಮಿ.ಮೀ. ಅಥವಾ ಅದಕ್ಕಿಂತ ತೆಳ್ಳಗಿದ್ದರೆ ಕ್ಯಾನ್ಸರ್ ಸಾಧ್ಯತೆ ತೀರಾ ಕಡಿಮೆ. ಅದಕ್ಕಿಂತ ದಪ್ಪ ಇದ್ದರೆ ಪದರದ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. 9 ಅಂದರೆ ಕ್ಯಾನ್ಸರ್ ಅಂತ ಅಲ್ಲ. ಚೂರು ತೆಗೆದು ನೋಡದೆ ಬಿಡಬೇಡಿ ಎಂದು ಆ ಅಂಕಿ ಹೇಳುತ್ತದೆ, ಅಷ್ಟೇ. ಒಂದು ವೇಳೆ ಕ್ಯಾನ್ಸರ್ ಇದ್ದರೂ, ಗರ್ಭಕೋಶದ ಒಳಪದರದ ಕ್ಯಾನ್ಸರ್ ರಕ್ತ ತೋರಿಸಿ ಬೇಗ ಸಿಕ್ಕಿಬೀಳುತ್ತದೆ. ಬೇಗ ಸಿಕ್ಕರೆ ಗುಣವಾಗುವವರೇ ಜಾಸ್ತಿ.

ಒಳಗೆ ಏನು ನಡೆಯುತ್ತದೆ ಹೇಳುತ್ತೇನೆ. ಮೊದಲು ಬಿಪಿ, ತೂಕ. ಆಮೇಲೆ ಪ್ರಶ್ನೆಗಳು. ಮುಟ್ಟು ಯಾವಾಗ ನಿಂತಿತು, ಹೆರಿಗೆ ಎಷ್ಟು, ಸಕ್ಕರೆ ಕಾಯಿಲೆ ಇದೆಯಾ, ಮನೆಯಲ್ಲಿ ಯಾರಿಗಾದರೂ ಸ್ತನ, ಕರುಳು, ಗರ್ಭಕೋಶದ ಕ್ಯಾನ್ಸರ್ ಇತ್ತಾ, ಯಾವ ಮಾತ್ರೆ ತಗೊಳ್ಳುತ್ತಾರೆ. ಸ್ತನ ಕ್ಯಾನ್ಸರ್‌ಗೆ ಟಾಮಾಕ್ಸಿಫೆನ್ ತಗೊಂಡವರು ಅದನ್ನು ಹೇಳಲೇಬೇಕು, ಅದರಿಂದ ಪದರ ದಪ್ಪಗಾಗುತ್ತದೆ. ರಕ್ತ ತೆಳು ಮಾಡುವ ಮಾತ್ರೆ ಇದ್ದರೂ ಹೇಳಿ, ಆದರೆ ನೀವಾಗಿಯೇ ನಿಲ್ಲಿಸಬೇಡಿ. ಇದು ಬೋಧನಾ ಆಸ್ಪತ್ರೆ. ಕಲಿಯುತ್ತಿರುವ ಡಾಕ್ಟರು ಮೊದಲು ಕೇಳುತ್ತಾರೆ, ಆಮೇಲೆ ಹಿರಿಯರು ಅದನ್ನೇ ಮತ್ತೆ ಕೇಳುತ್ತಾರೆ. ಬೇಜಾರು ಮಾಡಿಕೊಳ್ಳದೆ ಎರಡೂ ಸಲ ಪೂರ್ತಿ ಹೇಳಿ. ಮೊದಲ ಸಲ ಮರೆತದ್ದು ಎಷ್ಟೋ ಸಲ ಎರಡನೇ ಸಲ ನೆನಪಾಗುತ್ತದೆ.

ಆಮೇಲೆ ಒಳ ಪರೀಕ್ಷೆ. ಮಂಚದ ಮೇಲೆ ಮಲಗಿಸಿ, ಕಾಲು ಮಡಚಿಸಿ, ಸ್ಪೆಕ್ಯುಲಮ್ ಎನ್ನುವ ಸಾಧನ ಇಟ್ಟು ಗರ್ಭಕೋಶದ ಬಾಯಿ ನೋಡುತ್ತಾರೆ. ರಕ್ತ ಗರ್ಭಕೋಶದಿಂದಲೇ ಬರುತ್ತಿದೆಯಾ, ಅಥವಾ ಮೂತ್ರದ ದಾರಿಯಿಂದಲಾ, ಮೂಲವ್ಯಾಧಿಯದಾ ಅಂತ ಇಲ್ಲೇ ಗೊತ್ತಾಗುತ್ತದೆ. ಬೇಕಾದರೆ ಪ್ಯಾಪ್ ಪರೀಕ್ಷೆಗೆ, ಅಂದರೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ತಪಾಸಣೆಗೆ, ಜೀವಕೋಶ ತೆಗೆಯುತ್ತಾರೆ. ಒಳಪದರದ ಬಯಾಪ್ಸಿಗೆ, ಅಂದರೆ ಆ ಚೂರು ತೆಗೆಯಲು, ಪೆನ್ನಿನ ರೀಫಿಲ್‌ನಷ್ಟು ಸಪೂರವಾದ ನಳಿಕೆ ಸಾಕು. ಕೆಲವೇ ನಿಮಿಷದ ಕೆಲಸ. ಮುಟ್ಟಿನ ನೋವಿನ ಹಾಗೆ ಹಿಡಿದುಕೊಳ್ಳುತ್ತದೆ, ಕೆಲವರಿಗೆ ಜೋರಾಗಿಯೇ. ತಡೆಯಲಾಗದಿದ್ದರೆ "ನಿಲ್ಲಿಸಿ" ಅನ್ನಬಹುದು, ನಿಲ್ಲಿಸುತ್ತಾರೆ. ಹಾಗೆ ಮಾಡಲು ಆಗದಿದ್ದರೆ ಅರಿವಳಿಕೆ ಕೊಟ್ಟು ಇನ್ನೊಂದು ದಿನ ಕ್ಯಾಮೆರಾ ಹಾಕಿ ನೋಡುತ್ತಾರೆ.

ಮಣಿಪಾಲವೂ ಒಳ್ಳೆಯದೇ. ಆದರೆ ಪತ್ರ ಇರುವ ಕಡೆ ಮೊದಲು ಹೋಗಿ. ಕಾರಣ ಕಾರ್ಡಿನ ವಿಷಯದಲ್ಲಿದೆ, ಅದನ್ನು ತಿಳಿದವರು ಯಾರಾದರೂ ಬರೆಯಲಿ.

ಸಾಗರದ ಅಕ್ಕ:

ನರ್ಸಮ್ಮ ಹೇಳಿದ್ದು ಸರಿಯಾಗಿದೆ. ನಾನು ಓಡಾಟದ ಕಡೆಯಿಂದ ಹೇಳುತ್ತೇನೆ. ನಮ್ಮ ಅತ್ತೆಯ ಜೊತೆ, ಅಕ್ಕನ ಜೊತೆ ಈ ಸುತ್ತು ಹೊಡೆದಿದ್ದೇನೆ.

ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡಿ. ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ 2023ರ ಜೂನ್‌ನಿಂದ ಟಿಕೆಟ್ ಇಲ್ಲ, ಆದರೆ ತೀರ್ಥಹಳ್ಳಿ ಕಡೆ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಅಲ್ಲಿ ದುಡ್ಡು ಕೊಡಬೇಕು, ಚಿಲ್ಲರೆ ಇಟ್ಟುಕೊಳ್ಳಿ. ಆಸ್ಪತ್ರೆ ಸಾಗರ ರಸ್ತೆಯಲ್ಲಿದೆ. ಬಸ್ ನಿಲ್ದಾಣದಿಂದ ಆಟೋ ಹಿಡಿದರೆ ಬೇಗ ತಲುಪುತ್ತೀರಿ.

ಅಮ್ಮನಿಗೆ ಸೀರೆ ಅಥವಾ ಸಡಿಲವಾದ ಲಂಗ ಇರಲಿ. ಚೂಡಿದಾರ್ ಬೇಡ, ಪರೀಕ್ಷೆಗೆ ಪೂರ್ತಿ ಬಿಚ್ಚಬೇಕಾಗುತ್ತದೆ, ಮುಜುಗರ. ಒಂದೆರಡು ಪ್ಯಾಡ್, ಒಂದು ಹಳೆ ಟವೆಲ್, ನೀರಿನ ಬಾಟಲಿ. ತಿಂಡಿ ತಿನ್ನಿಸಿಕೊಂಡೇ ಹೊರಡಿ. ಉಪವಾಸ ಬನ್ನಿ ಅಂತ ಬರೆದಿರದಿದ್ದರೆ ಖಾಲಿ ಹೊಟ್ಟೆ ಬೇಡ, ಹಿಮೋಗ್ಲೋಬಿನ್ ಕಡಿಮೆ ಇರುವವರಿಗೆ ಸಾಲಲ್ಲಿ ನಿಂತು ತಲೆ ಸುತ್ತುತ್ತದೆ. ಬಿಪಿ ಮಾತ್ರೆ ಇದ್ದರೆ ಆ ದಿನವೂ ತಗೊಳ್ಳಲಿ. ಒಳಗೆ ಸೋಪು, ಡೆಟಾಲ್ ಹಾಕಿ ತೊಳೆದುಕೊಂಡು ಬರುವವರಿದ್ದಾರೆ, ಅದು ಮಾಡಬೇಡಿ. ರಕ್ತ ಬರುತ್ತಿದೆ ಅಂತ ಹೋಗುವುದನ್ನು ಮುಂದೂಡಬೇಡಿ, ಅಮ್ಮನ ಕಾಯಿಲೆಗೆ ಅದೇ ಸಾಕ್ಷಿ.

ಎಲ್ಲಕ್ಕಿಂತ ಮುಖ್ಯ ಕಾಗದ. ಒಂದು ಹಾಳೆಯಲ್ಲಿ ಕಲೆ ಕಂಡ ದಿನಾಂಕಗಳು, ಎಷ್ಟು ಬಂತು, ಯಾವ ಬಣ್ಣ, ಹಳೆ ಕಾಯಿಲೆಗಳು, ಮಾತ್ರೆಗಳ ಹೆಸರು ಬರೆದುಕೊಂಡು ಹೋಗಿ. ಒಳಗೆ ಹೋದ ಮೇಲೆ ಅಮ್ಮಂದಿರು "ಏನಿಲ್ಲ, ಸ್ವಲ್ಪ" ಅಂದುಬಿಡುತ್ತಾರೆ. ಹಾಳೆ ಹಾಗೆ ಅನ್ನುವುದಿಲ್ಲ.

ಇನ್ನು ಪತ್ರವನ್ನು ಒಮ್ಮೆ ಬಿಚ್ಚಿ ಓದಿ. ನಮ್ಮ ಅತ್ತೆಗೆ ಒಂದು ಆಸ್ಪತ್ರೆಯಲ್ಲಿ ಚೀಟಿಯ ಹಿಂದೆ "ಮುಂದಿನ ಚಿಕಿತ್ಸೆಗೆ ಕಳಿಸಲಾಗಿದೆ" ಅಂತ ಒಂದೇ ಸಾಲು ಬರೆದುಕೊಟ್ಟಿದ್ದರು. ಸ್ಕ್ಯಾನ್ ವಿಷಯ ಇಲ್ಲ, ಯಾಕೆ ಕಳಿಸಿದರು ಅಂತ ಇಲ್ಲ, ಕೊಟ್ಟ ಇಂಜೆಕ್ಷನ್ ಹೆಸರಿಲ್ಲ. ಕಳಿಸಿದ ಕಡೆ ಹೋದ ಮೇಲೆ ಎಲ್ಲವೂ ಮೊದಲಿನಿಂದ ಆಯಿತು. ವಯಸ್ಸಾದ ಹೆಂಗಸನ್ನು ಹಾಗೆ ಕಳಿಸುವುದು ತಪ್ಪು. ಪತ್ರದಲ್ಲಿ ಏನು ತೊಂದರೆ, ಏನು ನೋಡಿದರು, ಯಾವ ಪರೀಕ್ಷೆಯಲ್ಲಿ ಏನು ಬಂತು, ಏನು ಕೊಟ್ಟರು, ಯಾತಕ್ಕೆ ಕಳಿಸುತ್ತಿದ್ದಾರೆ ಇಷ್ಟೂ ಇರಬೇಕು. ಇಲ್ಲದಿದ್ದರೆ ವಾಪಸ್ ಹೋಗಿ ವಿನಯವಾಗಿ ಕೇಳಿ ಬರೆಸಿಕೊಳ್ಳಿ. ಅದು ನಮ್ಮ ಹಕ್ಕು, ಉಪಕಾರ ಅಲ್ಲ.

ಸೊರಬದಿಂದ:

ನಾನು ಗಂಡಸು, ಇಲ್ಲಿ ಬರೆಯಬಹುದು ಅಂದುಕೊಂಡಿದ್ದೇನೆ. ಹೆಂಡತಿಯ ಆಪರೇಷನ್ ಸಮಯದಲ್ಲಿ ಕಾರ್ಡಿನ ಓಡಾಟ ಪೂರ್ತಿ ನನ್ನದೇ ಆಗಿತ್ತು.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ಇದೆ. ಬಿಪಿಎಲ್ ಕಾರ್ಡಿನ ಮನೆಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಎಪಿಎಲ್ ಆದರೆ ಪ್ಯಾಕೇಜ್ ದರದ (ಚಿಕಿತ್ಸೆಗೆ ಯೋಜನೆಯವರು ಗೊತ್ತು ಮಾಡಿದ ದರ) 30 ಶೇಕಡಾ ಸರ್ಕಾರ ಕೊಡುತ್ತದೆ, ವರ್ಷಕ್ಕೆ 1.5 ಲಕ್ಷದ ಮಿತಿ. ಯೋಜನೆಯ ದಾರಿ ಹೀಗಿದೆ: ಮೊದಲು ಸರ್ಕಾರಿ ಆಸ್ಪತ್ರೆ. ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ಅವರು ಬರೆದುಕೊಟ್ಟ ರೆಫರಲ್ ಮೇಲೆ ನೋಂದಾಯಿತ ಖಾಸಗಿ ಆಸ್ಪತ್ರೆ. ತುರ್ತು ಪಟ್ಟಿಯಲ್ಲಿರುವ ಕಾಯಿಲೆಗೆ ಮಾತ್ರ ಪತ್ರ ಬೇಡ. ಅದಕ್ಕೇ ನೇರವಾಗಿ ಘಾಟಿ ಇಳಿದು ಹೋದರೆ, ಆಮೇಲೆ ಬಿಲ್ಲು ಕೈಗೆ ಬಂದಾಗ ಕಾರ್ಡ್ ತೋರಿಸಿ ಪ್ರಯೋಜನ ಇಲ್ಲ. ಹೋಗುವ ಮೊದಲೇ ಅಲ್ಲಿನ ಆರೋಗ್ಯ ಮಿತ್ರರನ್ನು, ಅಂದರೆ ಯೋಜನೆಯ ಸಹಾಯಕರನ್ನು, ಕೇಳಿ. ನೋಂದಾಯಿತ ಆಸ್ಪತ್ರೆಗಳಲ್ಲಿ ಅವರ ಕೌಂಟರ್ ಇರುತ್ತದೆ.

ರೇಷನ್ ಕಾರ್ಡ್, ಆಧಾರ್ ಎರಡರಲ್ಲೂ ಹೆಸರು ಒಂದೇ ಥರ ಇದೆಯಾ ಈಗಲೇ ನೋಡಿ. ನಮ್ಮ ಕಡೆ ಹೆಂಗಸರಿಗೆ ತವರಿನಲ್ಲಿ ಒಂದು ಹೆಸರು, ಗಂಡನ ಮನೆಯಲ್ಲಿ ಒಂದು ಹೆಸರು. ಕಾರ್ಡಿನಲ್ಲಿ ಅದೇ ತೊಡಕು. ಎಲ್ಲದರ ಜೆರಾಕ್ಸ್ ಎರಡೆರಡು ಇಟ್ಟುಕೊಳ್ಳಿ. ರಿಪೋರ್ಟುಗಳ ಫೋಟೋ ಮೊಬೈಲಿನಲ್ಲಿ ಇರಲಿ, ಮೂಲ ಪ್ರತಿ ಯಾರಿಗೂ ಬಿಟ್ಟುಕೊಡಬೇಡಿ.

ಗಂಡಸರಿಗೆ ಒಂದು ಮಾತು. ಹೊರಗೆ ಬೆಂಚಿನ ಮೇಲೆ ಕೂತು "ಎಷ್ಟೊತ್ತು" ಅಂತ ಪದೇ ಪದೇ ಫೋನ್ ಮಾಡಬೇಡಿ. ಒಳಗಿರುವವರಿಗೆ ಅದೇ ದೊಡ್ಡ ಒತ್ತಡ. ಬೇಗ ಮುಗಿಸಬೇಕು ಅಂತ ಅರ್ಧ ವಿಷಯ ಹೇಳದೆ ಬರುತ್ತಾರೆ.

ಕೊಪ್ಪದ ಹುಡುಗಿ:

ಅಕ್ಕಂದಿರೇ, ನಡುವೆ ನನ್ನದೊಂದು ಕೇಳಲಾ? 23 ವರ್ಷ, ಮದುವೆ ಆಗಿಲ್ಲ. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಆಗುತ್ತದೆ. ಆದಾಗ ವಾಂತಿ ಬರುವಷ್ಟು ನೋವು. ಹೆಂಗಸರ ಡಾಕ್ಟರ ಹತ್ತಿರ ಹೋಗೋಣ ಅಂದರೆ ಮನೆಯಲ್ಲಿ "ಮದುವೆ ಆಗದ ಹುಡುಗಿ ಅಲ್ಲಿ ಕೂತರೆ ಜನ ಏನಂತಾರೆ" ಅನ್ನುತ್ತಾರೆ. ಒಳ ಪರೀಕ್ಷೆ ಮಾಡಿಬಿಡುತ್ತಾರಾ ಅನ್ನುವ ಭಯ ನನಗೂ ಇದೆ.

ನಿವೃತ್ತ ನರ್ಸ್, ಶಿವಮೊಗ್ಗ:

ಕೇಳಮ್ಮ. ಆ ವಿಭಾಗದ ಹೊರಗೆ ಶಾಲೆಗೆ ಹೋಗುವ ಹುಡುಗಿಯರಿಂದ ಹಿಡಿದು ಎಂಬತ್ತರ ಅಜ್ಜಿಯರವರೆಗೆ ಕೂತಿರುತ್ತಾರೆ. ಅಲ್ಲಿ ಯಾರೂ ಯಾರನ್ನೂ ನೋಡುತ್ತಾ ಕೂರುವುದಿಲ್ಲ, ಎಲ್ಲರಿಗೂ ಅವರವರ ಚಿಂತೆ.

ನಿನಗೆ ಹೊಟ್ಟೆಯ ಮೇಲಿನಿಂದಲೇ ಸ್ಕ್ಯಾನ್ ಮಾಡುತ್ತಾರೆ. ಅದಕ್ಕೆ ನೀರು ಕುಡಿದು ಮೂತ್ರಚೀಲ ತುಂಬಿಸಿಕೊಂಡಿರಬೇಕು. ಒಳಗಿನಿಂದ ಮಾಡುವ ಸ್ಕ್ಯಾನಿಗಾದರೆ ಉಲ್ಟಾ, ಖಾಲಿ ಇರಬೇಕು. ಯಾವುದೇ ಒಳ ಪರೀಕ್ಷೆಗೆ ನಿನ್ನ ಒಪ್ಪಿಗೆ ಬೇಕು. ಬೇಡ ಅಂದರೆ ಬೇಡ. "ಮದುವೆ ಆಗಿದ್ಯಾ" ಅಂತ ಕೇಳುವುದು ಗರ್ಭದ ಸಾಧ್ಯತೆ ತಿಳಿಯಲು, ಯಾವ ಪರೀಕ್ಷೆ ಸರಿ ಅಂತ ನೋಡಲು. ಅದಕ್ಕೆ ನಿಜ ಉತ್ತರ ಕೊಡು. ಅಮ್ಮನ ಎದುರು ಹೇಳಲು ಕಷ್ಟವಾದರೆ "ಒಂದು ನಿಮಿಷ ನಾನೊಬ್ಬಳೇ ಮಾತಾಡ್ಬೇಕು" ಅಂತ ಕೇಳು. ನೀನು ವಯಸ್ಕಳು. ಹೇಳಿದ್ದನ್ನು ಗುಟ್ಟಾಗಿ ಇಡುವುದು ಅವರ ಕರ್ತವ್ಯ.

ಮುಟ್ಟಿನ ಚಕ್ರ 24ರಿಂದ 38 ದಿನದೊಳಗೆ ಇದ್ದರೆ ಸರಿ ಅಂತ ಲೆಕ್ಕ. ಮೂರು ತಿಂಗಳಿಗೊಮ್ಮೆ ಆಗುವುದು ತೋರಿಸಲೇಬೇಕಾದ ವಿಷಯ. ಪಿಸಿಒಎಸ್ (ಹಾರ್ಮೋನ್ ಏರುಪೇರಾಗಿ ಮುಟ್ಟು ತಪ್ಪುವ ತೊಂದರೆ) ಇರಬಹುದು, ಥೈರಾಯ್ಡ್ ಇರಬಹುದು. ಸ್ಕ್ಯಾನಿನಲ್ಲಿ ಅಂಡಾಶಯದಲ್ಲಿ "ನೀರುಗುಳ್ಳೆ" ಕಂಡ ಮಾತ್ರಕ್ಕೆ ಪಿಸಿಒಎಸ್ ಅಂತ ತೀರ್ಮಾನ ಮಾಡುವುದಿಲ್ಲ, ರಕ್ತ ಪರೀಕ್ಷೆ, ಲಕ್ಷಣ ಎಲ್ಲ ಸೇರಿಸಿ ನೋಡಬೇಕು. ಆ ನೋವಿನ ವಿಷಯವನ್ನೂ ಬಿಡಬೇಡ. ಕಾಲೇಜು, ಕೆಲಸ ತಪ್ಪಿಸುವಷ್ಟು ನೋವು "ಹೆಣ್ಣಾದ ಮೇಲೆ ಇದ್ದದ್ದೇ" ಅಲ್ಲ. ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಅದರ ಹೊರಗೆ ಬೆಳೆಯುವ ಕಾಯಿಲೆ) ಇರುವವರು ಇದೇ ಮಾತು ಕೇಳಿ ಕೇಳಿ ವರ್ಷಗಟ್ಟಲೆ ಕಳೆಯುತ್ತಾರೆ. ಸ್ಕ್ಯಾನ್ ಸರಿ ಇದೆ ಎಂದರೂ ಆ ಕಾಯಿಲೆ ಇರಬಹುದು. ಎಷ್ಟು ದಿನ ನೋವು, ಯಾವ ಮಾತ್ರೆ ತಗೊಂಡೆ, ಕೆಲಸ ಮಾಡಲು ಆಯಿತಾ, ಬರೆದುಕೊಂಡು ಹೋಗು.

ಹೊಸನಗರದವಳು:

ನನಗೆ 42. ಪ್ರತಿ ತಿಂಗಳು ಒಂಬತ್ತು ಹತ್ತು ದಿನ ಹೋಗುತ್ತದೆ. ಮೊದಲ ಮೂರು ದಿನ ಎರಡು ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕು. ಒಬ್ಬ ಡಾಕ್ಟರು ಸ್ಕ್ಯಾನ್ ನೋಡಿ 3 ಸೆಂ.ಮೀ. ಗಡ್ಡೆ ಇದೆ, ಮಕ್ಕಳಾಯಿತಲ್ಲ, ಗರ್ಭಕೋಶ ತೆಗೆದುಬಿಡೋಣ, ಮುಂದೆ ಕ್ಯಾನ್ಸರ್ ಭಯವೂ ಇರಲ್ಲ ಎಂದರು. ಆ ಮಾತು ಕೇಳಿ ಮನೆಯವರೆಲ್ಲ ಆಪರೇಷನ್ ಮಾಡಿಸು ಅನ್ನುತ್ತಿದ್ದಾರೆ. ಅಡಿಕೆ ಕೊಯ್ಲಿಗೆ ಮೊದಲೇ ಮುಗಿಸಿದರೆ ಒಳ್ಳೆಯದು ಅಂತ ಲೆಕ್ಕ.

ಸಾಗರದ ಅಕ್ಕ:

ದಯವಿಟ್ಟು ಇನ್ನೊಬ್ಬರ ಅಭಿಪ್ರಾಯ ತಗೊಳ್ಳದೆ ಒಪ್ಪಿಕೊಳ್ಳಬೇಡಿ. ಇನ್ನೊಬ್ಬ ಡಾಕ್ಟರ ಹತ್ತಿರ ತೋರಿಸುವುದು, ನಮ್ಮ ರಿಪೋರ್ಟ್ ಕೇಳಿ ಪಡೆಯುವುದು ರೋಗಿಯ ಹಕ್ಕುಗಳ ಪಟ್ಟಿಯಲ್ಲೇ ಇದೆ. ಯಾರಿಗೂ ಅವಮಾನ ಮಾಡಿದ ಹಾಗಲ್ಲ. ಬೇಡದ ಗರ್ಭಕೋಶ ಆಪರೇಷನ್‌ಗಳ ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಬಿಹಾರ, ಛತ್ತೀಸ್‌ಗಢ, ರಾಜಸ್ಥಾನದ ಬಡ ಹೆಂಗಸರಿಗೆ ಆದ ಅನ್ಯಾಯದ ಮೇಲಿನ ಅರ್ಜಿ ಅದು. ಅದನ್ನು ತಡೆಯುವ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಜಾರಿ ಮಾಡಿ ಅಂತ 2023ರ ಏಪ್ರಿಲ್‌ನಲ್ಲಿ ಕೋರ್ಟು ಎಲ್ಲ ರಾಜ್ಯಗಳಿಗೂ ಹೇಳಿತು. ಇಷ್ಟಾದರೂ ನಮ್ಮ ಕಡೆ "ಮಕ್ಕಳಾಯ್ತಲ್ಲ" ಅನ್ನುವ ಮಾತು ನಿಂತಿಲ್ಲ. ಗರ್ಭಕೋಶ ಇರುವುದು ಬರೀ ಮಕ್ಕಳಿಗೆ, ಆಮೇಲೆ ಅದು ತೆಗೆದು ಎಸೆಯುವ ವಸ್ತು ಅಂತ ಯಾರು ತೀರ್ಮಾನಿಸಿದರು?

ನಿವೃತ್ತ ನರ್ಸ್, ಶಿವಮೊಗ್ಗ:

ಹೊಸನಗರದವರಿಗೆ. ಗಡ್ಡೆ ಅಂದರೆ ಫೈಬ್ರಾಯ್ಡ್ ಇರಬೇಕು, ಗರ್ಭಕೋಶದ ಸ್ನಾಯುವಿನ ಗಡ್ಡೆ. ತುಂಬಾ ಹೆಂಗಸರಿಗೆ ಇರುತ್ತದೆ, ಅದು ಕ್ಯಾನ್ಸರ್ ಆಗುವುದು ತೀರಾ ಅಪರೂಪ. ಗಾತ್ರಕ್ಕಿಂತ ಅದು ಎಲ್ಲಿದೆ ಅನ್ನುವುದು ಮುಖ್ಯ. ಒಳಪದರದ ಕಡೆ ಚಾಚಿಕೊಂಡಿದ್ದರೆ ಚಿಕ್ಕದಾದರೂ ರಕ್ತ ಜಾಸ್ತಿ. ಹೊರಗಡೆ ಇದ್ದರೆ ದೊಡ್ಡದಾದರೂ ಗೊತ್ತೇ ಆಗುವುದಿಲ್ಲ. ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ತಾನೇ ಕುಗ್ಗುತ್ತದೆ.

ರಕ್ತ ಕಡಿಮೆ ಮಾಡಲು ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಇದೆ, ಮುಟ್ಟಿನ ದಿನ ಮಾತ್ರ ತಗೊಳ್ಳುವುದು. ಹಿಂದೆ ರಕ್ತ ಹೆಪ್ಪುಗಟ್ಟಿದ ತೊಂದರೆ ಆಗಿದ್ದರೆ ಅದು ಆಗದು, ಮೊದಲೇ ಹೇಳಬೇಕು. ಗರ್ಭಕೋಶದೊಳಗೆ ಕೂರಿಸುವ, ಹಾರ್ಮೋನ್ ಇರುವ ಲೂಪ್ ಇದೆ. ಅದನ್ನು ಹಾಕಿದ ಮೊದಲ ತಿಂಗಳುಗಳಲ್ಲಿ ಆಗಾಗ ಕಲೆ ಕಂಡು ಬೇಜಾರಾಗುತ್ತದೆ, ಆಮೇಲೆ ರಕ್ತ ತುಂಬಾ ಕಡಿಮೆಯಾಗುತ್ತದೆ, ವರ್ಷಗಟ್ಟಲೆ ಕೆಲಸ ಮಾಡುತ್ತದೆ. ಗಡ್ಡೆ ಮಾತ್ರ ತೆಗೆಯುವ ಆಪರೇಷನ್ ಇದೆ. ಇವುಗಳ ಬಗ್ಗೆ ಕೇಳಿ. ಆಪರೇಷನ್ನೇ ಬೇಕು ಅಂದರೆ "ಅಂಡಾಶಯ ಉಳಿಸುತ್ತೀರಾ?" ಅಂತಲೂ ಕೇಳಿ. ಎರಡೂ ಅಂಡಾಶಯ ತೆಗೆದರೆ 42ಕ್ಕೇ ಮುಟ್ಟು ನಿಂತ ಸ್ಥಿತಿ ಒಮ್ಮೆಲೇ ಬರುತ್ತದೆ. ಮೈ ಬಿಸಿ, ಮೂಳೆ ಸವೆತ ಎಲ್ಲ.

ಮೊದಲು ಹಿಮೋಗ್ಲೋಬಿನ್ ಮಾಡಿಸಿ. 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಕಬ್ಬಿಣದ ಮಾತ್ರೆಯನ್ನು ಕಾಫಿ ಟೀ ಜೊತೆ ತಗೊಳ್ಳಬೇಡಿ, ಅರ್ಧ ಪರಿಣಾಮ ಹೋಗುತ್ತದೆ. ನಿಂಬೆ ಪಾನಕದ ಜೊತೆ ಒಳ್ಳೆಯದು. ಯಾವಾಗಲಾದರೂ ಗಂಟೆಗೊಂದು ಪ್ಯಾಡ್ ನೆನೆದು ತಲೆ ಸುತ್ತಿದರೆ ಓಪಿಡಿ ದಿನ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಮುಟ್ಟು ತಪ್ಪಿ ಹೊಟ್ಟೆಯಲ್ಲಿ ಒಂದೇ ಕಡೆ ಜೋರು ನೋವು ಬಂದರೂ ಅಷ್ಟೇ.

ರಿಪ್ಪನ್‌ಪೇಟೆಯಿಂದ:

ಎಲ್ಲರೂ ಆಪರೇಷನ್ ಬೇಡ ಎನ್ನುವ ಹಾಗೆ ಕಾಣುತ್ತಿದೆ, ನನ್ನದೂ ಕೇಳಿ. ನನ್ನ ಗಡ್ಡೆ ಹೊಕ್ಕುಳಿನವರೆಗೆ ಬಂದಿತ್ತು. ಹಿಮೋಗ್ಲೋಬಿನ್ 6ಕ್ಕೆ ಇಳಿದು ರಕ್ತ ಹಾಕಿಸಿಕೊಂಡೆ. ಮಾತ್ರೆ ಎಲ್ಲ ಆಗಿತ್ತು. ಕೊನೆಗೆ ಗರ್ಭಕೋಶ ತೆಗೆಸಿದೆ. ಅಂಡಾಶಯ ಉಳಿಸಿದರು. ಈಗ ಗದ್ದೆಗೆ ಹೋಗುತ್ತೇನೆ, ಮೆಟ್ಟಿಲು ಹತ್ತಿದರೆ ಏದುಸಿರು ಬರುವುದಿಲ್ಲ. ಬೇಕಾದವರಿಗೆ ಆಪರೇಷನ್ ದೊಡ್ಡ ಬಿಡುಗಡೆ. ಹೆದರಿಸಿ ಮಾಡಿಸಬಾರದು ಅನ್ನುವುದು ಸರಿ. ಹೆದರಿಸಿ ತಪ್ಪಿಸುವುದೂ ಬೇಡ.

ಸಾಗರದ ಅಕ್ಕ:

ಒಪ್ಪಿದೆ. ನಿಮಗೆ ಬೇರೆ ದಾರಿಗಳನ್ನೆಲ್ಲ ತೋರಿಸಿ, ಆಮೇಲೆ ಮಾಡಿದರು. ನಾನು ಕೇಳುವುದೂ ಅಷ್ಟನ್ನೇ.

ಆಶಾ, ಹೊಸನಗರ ತಾಲ್ಲೂಕು:

ನಾನು ಮನೆ ಮನೆ ಸುತ್ತುವವಳು. ನನಗೆ ಜಾಸ್ತಿ ಬೇಸರ ತರುವುದು ಹೇಳದೇ ಇರುವವರು. ಗರ್ಭಕೋಶ ಜಾರಿ ಹೊರಗೆ ಬಂದಿದ್ದನ್ನು ಬಟ್ಟೆ ಕಟ್ಟಿಕೊಂಡು ಸೊಪ್ಪಿನ ಹೊರೆ ಹೊರುವ ಹೆಂಗಸರಿದ್ದಾರೆ. ಕೆಮ್ಮಿದರೆ ಮೂತ್ರ ಹೋಗುತ್ತದೆ ಅಂತ ಮದುವೆ ಮನೆಗೂ ಹೋಗದವರಿದ್ದಾರೆ. ಸೊಸೆಗೆ ಹೇಳಲು ನಾಚಿಕೆ, ಮಗನಿಗೆ ಹೇಳುವ ಮಾತೇ ಇಲ್ಲ. ಕೇಳಿದರೆ "ಅಡಿಕೆ ಸುಲಿಯೋದು ಮುಗೀಲಿ" ಅನ್ನುತ್ತಾರೆ. ಅದು ಮುಗಿದರೆ ಕಾಳುಮೆಣಸು. ಆಮೇಲೆ ಮಳೆ. ಮಳೆಗಾಲದಲ್ಲಿ ಯಾರು ಹೋಗುತ್ತಾರೆ?

ಇದಕ್ಕೂ ಚಿಕಿತ್ಸೆ ಇದೆ. ಶುರುವಿನಲ್ಲಿ ಮೂತ್ರ ತಡೆಯುವ ಸ್ನಾಯು ಬಿಗಿ ಹಿಡಿದು ಬಿಡುವ ವ್ಯಾಯಾಮ, ಭಾರ ಕಡಿಮೆ ಮಾಡುವುದು. ಆಪರೇಷನ್ ಬೇಡ ಎನ್ನುವವರಿಗೆ, ವಯಸ್ಸಾದವರಿಗೆ ಗರ್ಭಕೋಶ ಜಾರದ ಹಾಗೆ ಒಳಗೆ ಪೆಸರಿ ಎನ್ನುವ ಬಳೆ ಹಾಕುತ್ತಾರೆ. ಕೂರಲು ಏಳಲು ಎಷ್ಟು ಸಲೀಸಾಗುತ್ತದೆ ಅಂದರೆ, ಹಾಕಿಸಿಕೊಂಡವರೇ ಆಮೇಲೆ ಪಕ್ಕದ ಮನೆಯವರನ್ನು ಕರೆತರುತ್ತಾರೆ.

30ರಿಂದ 65 ವರ್ಷದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಗರ್ಭಕೋಶದ ಬಾಯಿಯ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ಅಸಿಟಿಕ್ ಆಸಿಡ್ ಹಚ್ಚಿ ಬಣ್ಣ ನೋಡುತ್ತಾರೆ. ಬಿಳಿಯಾದ ಜಾಗ ಕಂಡರೆ ಮುಂದೆ ಕಳಿಸುತ್ತಾರೆ. ಹಾಗೆ ಕಳಿಸಿದಾಗ ಮನೆಯವರು ಹೌಹಾರುತ್ತಾರೆ. ಬಿಳಿ ಕಂಡವರೆಲ್ಲರಿಗೂ ಕ್ಯಾನ್ಸರ್ ಇರುವುದಿಲ್ಲ. ಇನ್ನೂ ಕ್ಯಾನ್ಸರ್ ಆಗದ ಹಂತದಲ್ಲೇ ಹಿಡಿದು ಅಲ್ಲೇ ಸುಟ್ಟು ತೆಗೆಯಬಹುದು ಅನ್ನುವುದೇ ಆ ಪರೀಕ್ಷೆಯ ಲಾಭ. ದುರ್ವಾಸನೆಯ ಬಿಳಿ ಸೆರಗು, ಗಂಡನ ಜೊತೆ ಸೇರಿದ ಮೇಲೆ ರಕ್ತ, ಇವೆರಡಕ್ಕೆ ಮನೆ ಮದ್ದು ಮಾಡುತ್ತಾ ಕೂರಬೇಡಿ.

ನಮ್ಮ ಮೇಲೆ ಸಿಟ್ಟಾದರೂ ಪರವಾಗಿಲ್ಲ, ಮತ್ತೆ ಮತ್ತೆ ಬಂದು ಕೇಳುತ್ತೇವೆ.

ಮೇಗರವಳ್ಳಿ ಕಡೆಯವಳು:

ಎಲ್ಲರಿಗೂ ತುಂಬಾ ಧನ್ಯವಾದ. ಹೋಗಿ ಬಂದೆವು, ಈಗ ಬಯಾಪ್ಸಿ ರಿಪೋರ್ಟೂ ಬಂದಿದೆ.

ಅಕ್ಕ ಹೇಳಿದ ಹಾಗೆ ಹಾಳೆ ಬರೆದುಕೊಂಡು ಹೋಗಿದ್ದೆ. ಒಳಗೆ ಅಮ್ಮ ನಿಜಕ್ಕೂ "ಏನಿಲ್ಲ" ಅಂದರು, ಡಾಕ್ಟರು ಹಾಳೆ ನೋಡಿ ದಿನಾಂಕ ಕೇಳಿದರು. ಆಮೇಲೆ ಅಮ್ಮನೇ ಎಲ್ಲ ಹೇಳಿದರು. ಪರೀಕ್ಷೆ ಮಾಡಿದ್ದು ಲೇಡಿ ಡಾಕ್ಟರು. ಕಲಿಯುವ ಹುಡುಗಿಯರು ಇಬ್ಬರು ನಿಂತಿದ್ದರು. ಅವರು ಇರಬಹುದಾ ಅಂತ ಅಮ್ಮನನ್ನೇ ಕೇಳಿದರು, ಅಮ್ಮ "ಇರಲಿ, ಕಲೀಲಿ" ಅಂದರು. ನಾನು ತಲೆಯ ಹತ್ತಿರ ನಿಂತು ಕೈ ಹಿಡಿದುಕೊಂಡಿದ್ದೆ. ಬಯಾಪ್ಸಿ ಹೊತ್ತಿನಲ್ಲಿ ಅಮ್ಮ ಗಟ್ಟಿಯಾಗಿ ಕೈ ಅದುಮಿದರು, ಬೇಗ ಮುಗಿಯಿತು. ರಾತ್ರಿಯೊಳಗೆ ಮನೆಗೆ ಬಂದೆವು.

ರಿಪೋರ್ಟಿನಲ್ಲಿ ಒಳಪದರ ದಪ್ಪಗಾಗಿದೆ, ಅಸಹಜ ಜೀವಕೋಶ ಇಲ್ಲ ಅಂತ ಇದೆ. ಹೈಪರ್‌ಪ್ಲೇಸಿಯಾ ಅಂತ ಹೆಸರು. ಹಾರ್ಮೋನ್ ಮಾತ್ರೆ ಅಥವಾ ಲೂಪ್, ಯಾವುದಾದರೂ ಆಗಬಹುದು, ಯೋಚಿಸಿ ಬನ್ನಿ ಎಂದಿದ್ದಾರೆ. ಆರು ತಿಂಗಳಿಗೆ ಮತ್ತೆ ಬಯಾಪ್ಸಿ. ಯಾವುದು ಒಳ್ಳೆಯದು? ಪ್ರತಿ ಸಲ ಶಿವಮೊಗ್ಗಕ್ಕೇ ಹೋಗಬೇಕಾ? ಮಳೆ ಹಿಡಿದರೆ ಅಮ್ಮನನ್ನು ಹೊರಡಿಸುವುದು ಕಷ್ಟ.

ನಿವೃತ್ತ ನರ್ಸ್, ಶಿವಮೊಗ್ಗ:

ಒಳ್ಳೆಯ ಸುದ್ದಿ. ಅಸಹಜ ಜೀವಕೋಶ ಇಲ್ಲದ ಹೈಪರ್‌ಪ್ಲೇಸಿಯಾ 20 ವರ್ಷದಲ್ಲಿ ಕ್ಯಾನ್ಸರಿಗೆ ತಿರುಗುವ ಸಾಧ್ಯತೆ 100ಕ್ಕೆ 5ಕ್ಕಿಂತ ಕಡಿಮೆ. ಚಿಕಿತ್ಸೆಯಿಂದ ಹೆಚ್ಚಿನವರಿಗೆ ಪದರ ಮೊದಲಿನ ಹಾಗಾಗುತ್ತದೆ. ಲೂಪ್ ಗರ್ಭಕೋಶದ ಒಳಗೇ ಕೆಲಸ ಮಾಡುವುದರಿಂದ ಫಲಿತಾಂಶ ಮಾತ್ರೆಗಿಂತ ಚೆನ್ನಾಗಿದೆ, ದಿನಾ ನೆನಪಿಟ್ಟು ನುಂಗುವ ಕಷ್ಟವೂ ಇಲ್ಲ. ನನ್ನನ್ನು ಕೇಳಿದರೆ ಲೂಪ್. ಅಮ್ಮನಿಗೆ ಹಾಕಿಸಿಕೊಳ್ಳಲು ಮನಸ್ಸಿಲ್ಲದಿದ್ದರೆ ಮಾತ್ರೆ. ಅದನ್ನು ಕನಿಷ್ಠ ಆರು ತಿಂಗಳು ಬಿಡದೆ ತಗೊಳ್ಳಬೇಕು, ರಕ್ತ ನಿಂತಿತು ಅಂತ ನಡುವೆ ಬಿಡಬಾರದು. ತೂಕ ಜಾಸ್ತಿ ಇದ್ದರೆ ಇಳಿಸುವುದು, ಸಕ್ಕರೆ ಪರೀಕ್ಷೆ ಮಾಡಿಸುವುದು ಕೂಡ ಇದೇ ಚಿಕಿತ್ಸೆಯ ಭಾಗ.

ಶಿವಮೊಗ್ಗಕ್ಕೆ ಪ್ರತಿ ಸಲ ಬೇಡ. ಮುಂದಿನ ಸಲ ಹೋದಾಗ ತೀರ್ಥಹಳ್ಳಿ ಡಾಕ್ಟರಿಗೆ ವಾಪಸ್ ಪತ್ರ ಕೇಳಿ. ಬಯಾಪ್ಸಿ ಏನು ಹೇಳಿತು, ಯಾವ ಔಷಧಿ, ಎಷ್ಟು ದಿನ, ಮತ್ತೆ ಯಾವಾಗ ಕಳಿಸಬೇಕು ಅಂತ ಅದರಲ್ಲಿ ಬರೆಸಿಕೊಳ್ಳಿ. ಹಿಮೋಗ್ಲೋಬಿನ್, ಬಿಪಿ, ಕಬ್ಬಿಣದ ಮಾತ್ರೆ ಎಲ್ಲ ಅಲ್ಲೇ ನಡೆಯಲಿ. ಆರು ತಿಂಗಳ ಬಯಾಪ್ಸಿಗೆ ಮಾತ್ರ ಇಲ್ಲಿಗೆ ಬನ್ನಿ. ಇಲ್ಲಿ ವಾರದ ಒಂದೊಂದು ದಿನ ಒಂದೊಂದು ಯೂನಿಟ್, ಅಂದರೆ ಡಾಕ್ಟರ ತಂಡ, ಕೂರುತ್ತದೆ. ಚೀಟಿಯ ಮೇಲೆ ನಿಮ್ಮ ಯೂನಿಟ್ ಬರೆದಿರುತ್ತದೆ, ಅದು ಕೂರುವ ದಿನ ನೋಡಿಕೊಂಡು ಬಂದರೆ ಅಮ್ಮನ ವಿಷಯ ಗೊತ್ತಿರುವ ಡಾಕ್ಟರೇ ಸಿಗುತ್ತಾರೆ. ನಡುವೆ ಮತ್ತೆ ರಕ್ತ ಜಾಸ್ತಿ ಕಂಡರೆ ಮಾತ್ರ ದಿನ ನೋಡಬೇಡಿ, ಪತ್ರ ಹಿಡಿದು ಬಂದುಬಿಡಿ.